ಕ್ಲಿನಿಕ್ ಮುಚ್ಚಿದ ಮೇಲೆ ನಡೆದ ಥೆರಪಿ: ಅಮೆರಿಕದ ವಿಮೆಗೆ ಬೆಂಗಳೂರಿನಿಂದ ಬಿಲ್ ಮಾಡುವ ಬಗೆ

ಬೆಂಗಳೂರಿನಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಆಟೊ ಹತ್ತಿದರೆ ಮೀಟರಿನ ಒಂದೂವರೆ ಪಟ್ಟು ಕೊಡಬೇಕು. ಅಲ್ಲಿ ಗಡಿಯಾರವೊಂದೇ ಸಾಕ್ಷಿ. ಅಮೆರಿಕದ ವೈದ್ಯಕೀಯ ಬಿಲ್ಲಿಂಗ್ ಕೆಲಸಕ್ಕೆ ಹೊಸದಾಗಿ ಸೇರುವ ನಮ್ಮ ಹುಡುಗ ಹುಡುಗಿಯರು ಸಂಜೆ ಏಳಕ್ಕೋ ಭಾನುವಾರವೋ ನಡೆದ ಥೆರಪಿ ಸೆಷನ್ನಿನ ಕ್ಲೇಮ್ (ವಿಮಾ ಕಂಪನಿಗೆ ಕಳುಹಿಸುವ ಹಣದ ಬೇಡಿಕೆ) ಕಂಡಾಗ ಇದೇ ಲೆಕ್ಕ ಹಾಕುತ್ತಾರೆ: ಹೊತ್ತು ಮೀರಿದೆ, ಆದ್ದರಿಂದ ಹೆಚ್ಚುವರಿ ಕೋಡ್, ಅಂದರೆ ಸೇವೆಯನ್ನು ಸೂಚಿಸುವ ಸಂಖ್ಯೆ, ಸೇರಿಸಬೇಕು. ಆದರೆ ಆ ಕೋಡ್‌ಗಳು ನೋಡುವುದು ಕ್ಲಿನಿಕ್ಕಿನ ಬಾಗಿಲಲ್ಲಿ ತೂಗುವ ವೇಳೆಯ ಫಲಕವನ್ನು. ಸಂಜೆ ಏಳು ಗಂಟೆ ಒಂದು ಕ್ಲಿನಿಕ್ಕಿಗೆ ಹೊತ್ತು ಮೀರಿದ ಕೆಲಸವಾದರೆ, ಪಕ್ಕದ ಕ್ಲಿನಿಕ್ಕಿಗೆ ದಿನನಿತ್ಯದ ಕೆಲಸವಾಗಿರಬಹುದು.

ಎಲೆಕ್ಟ್ರಾನಿಕ್ ಸಿಟಿಯಿಂದ ಮಾನ್ಯತಾ ಟೆಕ್ ಪಾರ್ಕಿನವರೆಗೆ ರಾತ್ರಿ ಪಾಳಿಯಲ್ಲಿ ಕುಳಿತು ಅಮೆರಿಕದ ಕ್ಲಿನಿಕ್‌ಗಳ ಚಾರ್ಜ್ ಎಂಟ್ರಿ (ಶುಲ್ಕ ದಾಖಲಿಸುವುದು), ಪೇಮೆಂಟ್ ಪೋಸ್ಟಿಂಗ್ (ಬಂದ ಹಣವನ್ನು ಖಾತೆಗೆ ಹತ್ತಿಸುವುದು) ಮತ್ತು ಡಿನಾಯಲ್ (ನಿರಾಕರಣೆ) ನೋಡುವವರಿಗಾಗಿ ಈ ಲೇಖನವನ್ನು ಬರೆದಿದ್ದೇನೆ. ಮಾನಸಿಕ ಆರೋಗ್ಯದ ಕ್ಲಿನಿಕ್‌ಗಳಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ, ಏಕೆಂದರೆ ಥೆರಪಿಗೆ ಬರುವವರಲ್ಲಿ ಅನೇಕರು ಕೆಲಸ ಮುಗಿಸಿಕೊಂಡು ಸಂಜೆಯೇ ಬರುತ್ತಾರೆ, ಅಥವಾ ಮಕ್ಕಳನ್ನು ಶನಿವಾರವೇ ಕರೆತರುತ್ತಾರೆ.

ಮೊದಲು ಫಲಕವನ್ನು ತರಿಸಿಕೊಳ್ಳಿ

ಹೊಸ ಕ್ಲಿನಿಕ್ ನಿಮ್ಮ ಕೈಗೆ ಬಂದ ದಿನವೇ ಅವರ ನಿಯಮಿತ ವೇಳೆಯನ್ನು ಬರಹದಲ್ಲಿ ಕೇಳಿ ಪಡೆಯಿರಿ. ವಾರದ ಏಳೂ ದಿನ ಬಾಗಿಲು ತೆರೆಯುವ ಮತ್ತು ಮುಚ್ಚುವ ಹೊತ್ತು, ವರ್ಷದ ರಜಾಪಟ್ಟಿ, ಮತ್ತು ಈ ವೇಳೆ ಯಾವ ದಿನಾಂಕದಿಂದ ಜಾರಿಗೆ ಬಂದಿದೆ ಎಂಬ ಮೂರು ಸಂಗತಿಗಳು ಅದರಲ್ಲಿ ಇರಬೇಕು. ಕ್ಲಿನಿಕ್ಕಿನ ಜಾಲತಾಣದಲ್ಲಿ ಒಂದು ವೇಳೆ, ವಿಮಾ ಕಂಪನಿಯ ಪ್ರೊವೈಡರ್ ಡೈರೆಕ್ಟರಿಯಲ್ಲಿ (ಚಿಕಿತ್ಸಕರ ಪಟ್ಟಿಯಲ್ಲಿ) ಇನ್ನೊಂದು ವೇಳೆ ಇದ್ದರೆ ಮೊದಲು ಅದನ್ನು ಸರಿಪಡಿಸಲು ಹೇಳಿ. ಮುಂದೆ ಮೇಲ್ಮನವಿಯ ಸಂದರ್ಭ ಬಂದರೆ ವಿಮಾ ಕಂಪನಿಯವರು ತಮ್ಮ ಡೈರೆಕ್ಟರಿಯಲ್ಲಿರುವ ವೇಳೆಯನ್ನೇ ಎದುರಿಗೆ ಹಿಡಿಯುತ್ತಾರೆ.

ರಜಾಪಟ್ಟಿಯ ವಿಷಯದಲ್ಲಿ ನಮ್ಮವರು ಎಡವುವುದು ಸಹಜ. ಯುಗಾದಿ, ಆಯುಧಪೂಜೆಯ ದಿನ ನಮಗೆ ರಜೆ ಇದ್ದರೂ ಅಲ್ಲಿನ ಕ್ಲಿನಿಕ್ ತೆರೆದಿರುತ್ತದೆ. ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ನಮಗೆ ಸಾಮಾನ್ಯ ಗುರುವಾರ, ಅವರಿಗೆ ಥ್ಯಾಂಕ್ಸ್‌ಗಿವಿಂಗ್. ಅವರ ರಜಾಪಟ್ಟಿಯನ್ನು ಮುದ್ರಿಸಿ ಮೇಜಿನ ಮುಂದೆ ಅಂಟಿಸಿಕೊಳ್ಳುವುದು ಹಳೆಯ ಕಾಲದ ಕ್ರಮವೆನಿಸಿದರೂ ನಾನು ಇಂದಿಗೂ ಅದನ್ನೇ ಮಾಡುತ್ತೇನೆ.

ಈಗ ಕೋಡ್‌ಗಳಿಗೆ ಬರೋಣ. ಮಲ್ಲೇಶ್ವರದ ಒಂದು ಅಡ್ಡರಸ್ತೆಯಲ್ಲಿ ಡಾಕ್ಟರೊಬ್ಬರ ಕ್ಲಿನಿಕ್ ಇದೆಯೆಂದೂ, ಅದರ ಫಲಕದಲ್ಲಿ ‘ಬೆಳಿಗ್ಗೆ 10ರಿಂದ 1, ಸಂಜೆ 6ರಿಂದ 9, ಭಾನುವಾರ ರಜೆ’ ಎಂದು ಬರೆದಿದೆಯೆಂದೂ ಇಟ್ಟುಕೊಳ್ಳಿ. ಸಂಜೆ ಎಂಟಕ್ಕೆ ಹೋದ ರೋಗಿಯನ್ನು ಡಾಕ್ಟರು ತಮ್ಮ ನಿಯಮಿತ ವೇಳೆಯೊಳಗೇ ನೋಡಿದ್ದಾರೆ, ಆದರೆ ಆ ವೇಳೆ ಸಂಜೆಯದು. ವೈದ್ಯಕೀಯ ಸೇವೆಗಳಿಗೆ ಸಂಖ್ಯೆ ಕೊಡುವ ಅಮೆರಿಕದ ಸಿಪಿಟಿ ಪದ್ಧತಿಯಲ್ಲಿ ಇದಕ್ಕೆ ಹೊಂದುವುದು 99051: ನಿಯಮಿತವಾಗಿ ಗೊತ್ತುಪಡಿಸಿದ ಸಂಜೆ, ವಾರಾಂತ್ಯ ಅಥವಾ ರಜಾದಿನದ ವೇಳೆಯಲ್ಲಿ ಕಚೇರಿಯಲ್ಲಿ ನೀಡಿದ ಸೇವೆ. ಅದೇ ಡಾಕ್ಟರು ಭಾನುವಾರ ಮಧ್ಯಾಹ್ನ ಯಾರಿಗೋಸ್ಕರವೋ ಬೀಗ ತೆಗೆದು ಕುಳಿತರೆ ಅದಕ್ಕೆ ಹೊಂದುವುದು 99050: ನಿಯಮಿತ ವೇಳೆಯ ಹೊರಗೆ, ಅಥವಾ ಕಚೇರಿ ಸಾಮಾನ್ಯವಾಗಿ ಮುಚ್ಚಿರುವ ದಿನದಂದು, ಕಚೇರಿಯಲ್ಲಿಯೇ ನೀಡಿದ ಸೇವೆ. ಒಂದು ಸೆಷನ್ನಿಗೆ ಈ ಎರಡೂ ಏಕಕಾಲಕ್ಕೆ ನಿಜವಾಗಲಾರವು; ಆದ್ದರಿಂದ ಎರಡನ್ನೂ ಒಟ್ಟಿಗೆ ಹಾಕುವ ಪ್ರಶ್ನೆಯೇ ಇಲ್ಲ.

ಸಂಜೆ ಮಾತ್ರ ಕೆಲಸ ಮಾಡುವ ಥೆರಪಿಸ್ಟರೂ ಇದ್ದಾರೆ. ಹಗಲಿನಲ್ಲಿ ಶಾಲೆಯಲ್ಲೋ ಆಸ್ಪತ್ರೆಯಲ್ಲೋ ದುಡಿದು, ಸಂಜೆ ಐದರಿಂದ ಒಂಬತ್ತರವರೆಗೆ ಸ್ವಂತ ಕ್ಲಿನಿಕ್ ನಡೆಸುವವರು ಇವರು. ಇವರ ಎಲ್ಲ ಸೆಷನ್ನುಗಳೂ ಸಂಜೆಯವೇ ಆದರೂ ಅವುಗಳಲ್ಲಿ ಯಾವುದೂ 99050 ಅಲ್ಲ. ಈ ಗುಂಪಿನವರ ಕ್ಲೇಮ್‌ಗಳಲ್ಲಿ 99050 ಸಾಲುಸಾಲಾಗಿ ಕಂಡರೆ ಅದು ವಿಮಾ ಕಂಪನಿಯ ಲೆಕ್ಕ ತಪಾಸಣೆಗೆ ಆಹ್ವಾನ ಕೊಟ್ಟ ಹಾಗೆ.

ಇದೇ ಸಾಲಿನ ಉಳಿದ ಕೋಡ್‌ಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 99053 ಇಪ್ಪತ್ನಾಲ್ಕು ಗಂಟೆ ತೆರೆದಿರುವ ಕೇಂದ್ರದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 8ರ ನಡುವೆ ನೀಡಿದ ಸೇವೆಗೆ ಸಂಬಂಧಿಸಿದ್ದು. ಸಣ್ಣ ಥೆರಪಿ ಕ್ಲಿನಿಕ್ಕಿಗೆ ಅದು ಬರುವುದಿಲ್ಲ. 99056 ರೋಗಿಯ ಕೋರಿಕೆಯ ಮೇರೆಗೆ ಕಚೇರಿಯ ಹೊರಗೆ ಹೋಗಿ ನೀಡಿದ ಸೇವೆಗೆ. 99058 ಮತ್ತು 99060 ತುರ್ತಿನಿಂದಾಗಿ ಉಳಿದ ನೇಮಿತ ಕೆಲಸಕ್ಕೆ ಅಡ್ಡಿಯಾದಾಗ, ಕ್ರಮವಾಗಿ ಕಚೇರಿಯ ಒಳಗೆ ಮತ್ತು ಹೊರಗೆ, ಬಳಕೆಯಾಗುವಂಥವು. ಇವೆಲ್ಲವೂ ಮೂಲ ಸೇವೆಯ ಜೊತೆಗೆ ಮಾತ್ರ ನಿಲ್ಲುವ ಕೋಡ್‌ಗಳು. ಕ್ಲೇಮ್‌ನಲ್ಲಿ 99050 ಒಂಟಿಯಾಗಿ ಹೋದರೆ ಅದು ಹಿಂತಿರುಗಿ ಬರುವುದು ಖಚಿತ.

ಆಮೇಲೆ ಹಣ ಕೊಡುವವರನ್ನು ಕೇಳಿ

ಕೋಡ್ ಹೊಂದುತ್ತದೆ ಎಂಬುದು ಬೇರೆ, ಅದಕ್ಕೆ ಹಣ ಬರುತ್ತದೆ ಎಂಬುದು ಬೇರೆ. ಮುಖ್ಯವಾಗಿ ಹಿರಿಯರಿಗಾಗಿ ಇರುವ ಅಮೆರಿಕದ ಸರಕಾರಿ ವಿಮೆಯಾದ ಮೆಡಿಕೇರ್‌ನ ಶುಲ್ಕಪಟ್ಟಿಯಲ್ಲಿ 99050ರಿಂದ 99060ರವರೆಗಿನ ಈ ಕೋಡ್‌ಗಳ ಮುಂದೆ ‘ಬಿ’ ಎಂಬ ಗುರುತು ಇರುತ್ತದೆ. ಅಂದರೆ ಅದರ ಹಣ ಮೂಲ ಸೇವೆಯ ಹಣದೊಳಗೇ ಸೇರಿಹೋಗಿದೆ, ಪ್ರತ್ಯೇಕವಾಗಿ ಎಂದಿಗೂ ಸಿಗುವುದಿಲ್ಲ. ಹೀಗೆ ಸೇರಿಹೋದ ಶುಲ್ಕವನ್ನು ರೋಗಿಯಿಂದ ಬೇರೆಯಾಗಿ ವಸೂಲು ಮಾಡುವಂತೆಯೂ ಇಲ್ಲ. ಕಡಿಮೆ ಆದಾಯದವರ ಸರಕಾರಿ ವಿಮೆಯಾದ ಮೆಡಿಕೇಡ್‌ನಲ್ಲಿ ನಿಯಮವು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಖಾಸಗಿ ವಿಮಾ ಕಂಪನಿಗಳಲ್ಲಿ ಕೆಲವು ಕೊಡುತ್ತವೆ, ಕೆಲವು ಕುಟುಂಬ ವೈದ್ಯರಂಥ ಪ್ರಾಥಮಿಕ ಚಿಕಿತ್ಸೆಯವರಿಗೆ ಮಾತ್ರ ಕೊಡುತ್ತವೆ, ಅನೇಕವು ಮೆಡಿಕೇರ್‌ನ ದಾರಿಯನ್ನೇ ಹಿಡಿದು ನಿರಾಕರಿಸುತ್ತವೆ.

ಆದ್ದರಿಂದ ಕ್ಲಿನಿಕ್ಕಿನ ಒಪ್ಪಂದಪತ್ರ ಮತ್ತು ಶುಲ್ಕಪಟ್ಟಿಯನ್ನು ಮೊದಲು ಓದಿ. ಅದರಲ್ಲಿ ಉತ್ತರ ಸಿಗದಿದ್ದರೆ ಮಾತ್ರ ಪೇಯರ್‌ಗೆ (ಹಣ ಕೊಡುವ ವಿಮಾ ಸಂಸ್ಥೆಗೆ) ಕರೆ ಮಾಡಿ. ಕರೆಯಲ್ಲಿ ‘ಹೊತ್ತು ಮೀರಿದ ಸೇವೆಗೆ ಹಣ ಕೊಡುತ್ತೀರಾ’ ಎಂದು ಒಟ್ಟಾರೆ ಕೇಳಿದರೆ ಒಟ್ಟಾರೆ ಉತ್ತರವೇ ಬರುತ್ತದೆ. ಈ ನಿರ್ದಿಷ್ಟ ಕೋಡ್, ಈ ಮೂಲ ಕೋಡಿನ ಜೊತೆ, ಈ ಬಗೆಯ ಪರವಾನಗಿ ಹೊಂದಿದ ಥೆರಪಿಸ್ಟರಿಗೆ, ಈ ಸೇವಾ ಸ್ಥಳದಲ್ಲಿ ಸಂದಾಯವಾಗುತ್ತದೆಯೇ ಎಂದು ಕೇಳಬೇಕು. ಸಂದಾಯವಾಗದಿದ್ದರೆ ಆ ಮೊತ್ತ ಕ್ಲಿನಿಕ್ಕಿನ ಪಾಲಿಗೋ ರೋಗಿಯ ಪಾಲಿಗೋ ಎಂದೂ ಕೇಳಬೇಕು. ಕೊನೆಯ ಪ್ರಶ್ನೆಯನ್ನು ಹೆಚ್ಚಿನವರು ಮರೆಯುತ್ತಾರೆ, ಮತ್ತು ಜಗಳ ಶುರುವಾಗುವುದು ಅಲ್ಲಿಂದಲೇ. ಕರೆಯ ದಿನಾಂಕ, ಮಾತನಾಡಿದವರ ಹೆಸರು, ಕರೆಯ ರೆಫರೆನ್ಸ್ ಸಂಖ್ಯೆಗಳನ್ನು ರೋಗಿಯ ಖಾತೆಯ ಟಿಪ್ಪಣಿಯಲ್ಲಿ ಬರೆದಿಡಿ.

ಹಣ ಬರುವುದಿಲ್ಲವೆಂದು ಖಚಿತವಾದ ಮೇಲೂ ಕೋಡನ್ನು ಕ್ಲೇಮ್‌ನಲ್ಲಿ ಹಾಕಬೇಕೇ? ಲೆಕ್ಕಕ್ಕಾಗಿ ಇರಲಿ ಎಂದು ಕೆಲವು ಕ್ಲಿನಿಕ್‌ಗಳು ಹಾಕಿಸುತ್ತವೆ. ನನ್ನ ಅಭಿಪ್ರಾಯದಲ್ಲಿ ಅದು ವ್ಯರ್ಥ ಶ್ರಮ. ಪ್ರತಿ ನಿರಾಕರಣೆಯನ್ನೂ ಯಾರಾದರೂ ಪೋಸ್ಟ್ ಮಾಡಬೇಕು, ಯಾರಾದರೂ ರೈಟ್-ಆಫ್ ಮಾಡಬೇಕು (ಬಾರದ ಮೊತ್ತವನ್ನು ಲೆಕ್ಕದಿಂದ ಬಿಡಬೇಕು), ಮತ್ತು ಆ ಕೈ ಒಮ್ಮೆ ತಪ್ಪಿದರೆ ರೋಗಿಯ ಮನೆಗೆ ತಪ್ಪು ಬಿಲ್ ಹೋಗುತ್ತದೆ. ಕ್ಲಿನಿಕ್ಕಿಗೆ ಸಂಜೆಯ ಸೆಷನ್ನುಗಳ ಲೆಕ್ಕ ಬೇಕಿದ್ದರೆ ಅಪಾಯಿಂಟ್‌ಮೆಂಟ್ ಪುಸ್ತಕದಿಂದ ತೆಗೆದುಕೊಡಬಹುದು.

ಮೂಲ ಕೋಡಿನ ನಿಮಿಷಗಳು

ಹೆಚ್ಚುವರಿ ಕೋಡಿನ ಬಗ್ಗೆ ಇಷ್ಟು ಚರ್ಚಿಸಿದರೂ ಕ್ಲೇಮ್‌ನ ಬಹುಪಾಲು ಹಣ ಇರುವುದು ಮೂಲ ಕೋಡಿನಲ್ಲಿಯೇ. ವೈಯಕ್ತಿಕ ಥೆರಪಿಗೆ ಮೂರು ಕೋಡ್‌ಗಳಿವೆ: 16ರಿಂದ 37 ನಿಮಿಷಗಳಿಗೆ 90832, 38ರಿಂದ 52 ನಿಮಿಷಗಳಿಗೆ 90834, 53 ನಿಮಿಷ ಅಥವಾ ಅದಕ್ಕಿಂತ ಹೆಚ್ಚಿಗೆ 90837. ಹದಿನಾರು ನಿಮಿಷಕ್ಕಿಂತ ಕಡಿಮೆಯಾದರೆ ಥೆರಪಿಯೆಂದು ಬಿಲ್ ಮಾಡಲು ಬರುವುದಿಲ್ಲ. ಕುಟುಂಬದವರೊಡನೆ ನಡೆಸುವ ಸೆಷನ್ನಿಗೆ, ರೋಗಿ ಹಾಜರಿದ್ದರೆ 90847, ಇಲ್ಲದಿದ್ದರೆ 90846. ಎರಡಕ್ಕೂ ಕನಿಷ್ಠ 26 ನಿಮಿಷ ಆಗಿರಬೇಕು. ಔಷಧಿ ಬರೆಯುವ ಮನೋವೈದ್ಯರು ತಪಾಸಣೆಯ ಜೊತೆಗೆ ಥೆರಪಿಯನ್ನೂ ನೀಡಿದರೆ ತಪಾಸಣೆಯ ಕೋಡ್ ಒಂದು ಸಾಲಿನಲ್ಲಿ, 90833, 90836 ಅಥವಾ 90838 ಇನ್ನೊಂದು ಸಾಲಿನಲ್ಲಿ ಹೋಗುತ್ತದೆ. ತಪಾಸಣೆಗೆ ಹಿಡಿದ ನಿಮಿಷಗಳನ್ನು ಥೆರಪಿಯ ನಿಮಿಷಗಳಿಗೆ ಸೇರಿಸುವಂತಿಲ್ಲ.

ಸಂಜೆಯ ಕೊನೆಯ ಸೆಷನ್ನುಗಳಿಗೆ ಒಂದು ವಿಶೇಷ ಸ್ವಭಾವವಿದೆ. ಮುಂದೆ ಯಾರೂ ಕಾಯುತ್ತಿರುವುದಿಲ್ಲವಾದ್ದರಿಂದ ಅವು ಎಳೆದುಕೊಂಡು ಹೋಗುತ್ತವೆ. ತೊಂಬತ್ತು ನಿಮಿಷ ನಡೆದ ಸೆಷನ್ನಿಗೆ ಹಿಂದೆ 90837ರ ಜೊತೆ 99354 ಎಂಬ ದೀರ್ಘ ಸೇವೆಯ ಕೋಡನ್ನು ಹಾಕುತ್ತಿದ್ದರು. ಆ ಕೋಡನ್ನೂ ಅದರ ಜೊತೆಗಾರ 99355ನ್ನೂ 2023ರ ಜನವರಿ 1ರಿಂದ ತೆಗೆದುಹಾಕಲಾಗಿದೆ. ಹಳೆಯ ತರಬೇತಿ ಟಿಪ್ಪಣಿಗಳಲ್ಲಿ ಅವು ಇನ್ನೂ ಉಳಿದಿದ್ದರೆ ಹೊಡೆದುಹಾಕಿ. ಈಗ ತೊಂಬತ್ತು ನಿಮಿಷವಾದರೂ 90837 ಒಂದೇ, ಯೂನಿಟ್ (ಎಣಿಕೆ) ಕೂಡ ಒಂದೇ. ಹೆಚ್ಚಾದ ನಿಮಿಷಗಳಿಗೆ ಬದಲಾಗಿ 99050 ಹಾಕಿ ‘ಸರಿದೂಗಿಸುವ’ ಉಪಾಯವನ್ನು ಯಾರಾದರೂ ಸೂಚಿಸಿದರೆ ಒಪ್ಪಬೇಡಿ. ಸೆಷನ್ ನಿಯಮಿತ ವೇಳೆಯೊಳಗೆ ಶುರುವಾಗಿ ಮುಚ್ಚುವ ಹೊತ್ತನ್ನು ದಾಟಿತು ಎಂಬ ಮಾತ್ರಕ್ಕೆ ಅದು ಹೊತ್ತು ಮೀರಿದ ಸೇವೆಯಾಗುವುದಿಲ್ಲ ಎಂದು ಹಿಡಿದು ನಡೆಯುವುದೇ ಕ್ಷೇಮ.

ರಾತ್ರಿಯ ತುರ್ತು ಸೆಷನ್

ಹೊತ್ತಲ್ಲದ ಹೊತ್ತಿನ ಸೆಷನ್ನುಗಳಲ್ಲಿ ಒಂದು ಭಾಗ ನಿಜವಾದ ಸಂಕಟದವು. ವ್ಯಕ್ತಿ ತನಗೆ ತಾನೇ ಹಾನಿ ಮಾಡಿಕೊಳ್ಳುವ ಭಯವಿದೆ, ಮನೆಯವರು ಕರೆ ಮಾಡಿದ್ದಾರೆ, ಥೆರಪಿಸ್ಟ್ ರಾತ್ರಿ ಒಂಬತ್ತಕ್ಕೆ ಕ್ಲಿನಿಕ್ ತೆರೆದಿದ್ದಾರೆ. ಇಂಥ ಕಡೆ ನಮ್ಮ ಕಣ್ಣು 99050ರ ಮೇಲೆ ಬಿದ್ದು, ನಿಜವಾಗಿ ಹೊಂದುವ ಕೋಡ್ ಕೈತಪ್ಪಿಹೋಗುತ್ತದೆ. ಸಂಕಟಕಾಲದ ಥೆರಪಿಗೆ 90839 ಇದೆ. 30ರಿಂದ 74 ನಿಮಿಷಗಳವರೆಗೆ ಅದೊಂದೇ ಸಾಕು, ಅದರಾಚೆಯ ಪ್ರತಿ ಮೂವತ್ತು ನಿಮಿಷಕ್ಕೆ 90840 ಸೇರುತ್ತದೆ. ಮೂವತ್ತು ನಿಮಿಷಕ್ಕಿಂತ ಕಡಿಮೆಯಾದರೆ ಸಾಮಾನ್ಯ 90832ಕ್ಕೇ ಮರಳಬೇಕು. ಅದೇ ದಿನ 90837ರಂಥ ಸಾಮಾನ್ಯ ಥೆರಪಿಯ ಕೋಡನ್ನಾಗಲಿ, ಮೊದಲ ಭೇಟಿಯ 90791ನ್ನಾಗಲಿ ಇದರ ಜೊತೆ ಹಾಕುವಂತಿಲ್ಲ.

ಈ ಕೋಡಿಗೆ ಹೊತ್ತು ಮುಖ್ಯವಲ್ಲ, ಸ್ಥಿತಿ ಮುಖ್ಯ. ಮಧ್ಯಾಹ್ನ ಹನ್ನೆರಡಕ್ಕೂ ಅದು ಸಲ್ಲುತ್ತದೆ, ರಾತ್ರಿ ಹನ್ನೆರಡಕ್ಕೂ ಸಲ್ಲುತ್ತದೆ. ರೋಗಿಯ ಪ್ರಾಣಕ್ಕೆ ಅಪಾಯವಿತ್ತೇ ಅಥವಾ ತಕ್ಷಣ ಗಮನ ಬೇಡುವ ತೀವ್ರ ಸಂಕಟವಿತ್ತೇ, ಥೆರಪಿಸ್ಟ್ ಆಗಿಂದಾಗಲೇ ಸ್ಥಿತಿಯನ್ನು ಅಳೆದು, ಅಪಾಯ ತಗ್ಗಿಸಲು ಯಾರನ್ನು ಕರೆದರು, ಏನು ಮಾಡಿದರು ಎಂಬುದು ಟಿಪ್ಪಣಿಯಲ್ಲಿ ಕಾಣಬೇಕು. ನಿಮಿಷಗಳು ಒಂದೇ ಓಟದಲ್ಲಿ ಇರಬೇಕಾಗಿಲ್ಲ, ಆದರೆ ಒಂದೇ ದಿನಾಂಕದಲ್ಲಿ ಇರಬೇಕು, ಮತ್ತು ಅಷ್ಟೂ ಹೊತ್ತು ಥೆರಪಿಸ್ಟರ ಪೂರ್ಣ ಗಮನ ಆ ರೋಗಿಯ ಮೇಲೆಯೇ ಇದ್ದಿರಬೇಕು.

ಮೆಡಿಕೇರ್ ರೋಗಿಯಾಗಿದ್ದು ಸಂಕಟಕಾಲದ ಸೆಷನ್ ಕಚೇರಿಯ ಹೊರಗೆ, ಉದಾಹರಣೆಗೆ ರೋಗಿಯ ಮನೆಯಲ್ಲಿ ನಡೆದಿದ್ದರೆ, 2024ರ ಜನವರಿಯಿಂದ ಜಿ0017 ಮತ್ತು ಜಿ0018 ಎಂಬ ಕೋಡ್‌ಗಳು ಬಂದಿವೆ. ಅವುಗಳಿಗೆ ಸಾಮಾನ್ಯ ದರದ ಒಂದೂವರೆ ಪಟ್ಟು ಹಣವಿದೆ. ನಮ್ಮ ಆಟೊದ ಒಂದೂವರೆ ಮೀಟರಿಗೆ ಅಮೆರಿಕದ ಬಿಲ್ಲಿಂಗ್‌ನಲ್ಲಿ ನಾನು ಕಂಡ ಅತಿ ಹತ್ತಿರದ ಸಂಬಂಧಿ ಇದೇ. ಆದರೂ ಇಲ್ಲಿ ಹಣ ಹೆಚ್ಚಿರುವುದು ಸ್ಥಳದ ಕಾರಣಕ್ಕೆ, ರಾತ್ರಿಯ ಕಾರಣಕ್ಕಲ್ಲ.

ದಿನಾಂಕ ಯಾರದು?

ಬೆಂಗಳೂರಿನಿಂದ ಕೆಲಸ ಮಾಡುವವರಿಗೆ ಇದೊಂದು ಪ್ರತ್ಯೇಕ ಪಾಠ. ಅಮೆರಿಕದಲ್ಲೇ ಕುಳಿತು ಬಿಲ್ ಮಾಡುವವರಿಗೆ ಇದರ ಗೊಡವೆ ಕಡಿಮೆ. ಬೆಳಗಿನ ಸೆಷನ್ನುಗಳಲ್ಲಿ ದಿನಾಂಕದ ಈ ತಪ್ಪು ಅಷ್ಟಾಗಿ ಕಾಣುವುದಿಲ್ಲ. ಸಂಜೆಯ ಸೆಷನ್ನುಗಳಲ್ಲಿ ತಪ್ಪದೆ ಕಾಣುತ್ತದೆ.

ಅಮೆರಿಕದ ಪೂರ್ವ ತೀರದ ಕಾಲಮಾನವು ಚಳಿಗಾಲದಲ್ಲಿ ನಮಗಿಂತ ಹತ್ತೂವರೆ ಗಂಟೆ ಹಿಂದಿದೆ, ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ಹಿಂದಿದೆ. ಪಶ್ಚಿಮ ತೀರದ ವ್ಯತ್ಯಾಸ ಹದಿಮೂರೂವರೆ ಮತ್ತು ಹನ್ನೆರಡೂವರೆ ಗಂಟೆ. ಮಾರ್ಚ್ ತಿಂಗಳ ಎರಡನೆಯ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಮುಂದೆ ಮಾಡುತ್ತಾರೆ, ನವೆಂಬರ್ ತಿಂಗಳ ಮೊದಲ ಭಾನುವಾರ ಹಿಂದೆ ಮಾಡುತ್ತಾರೆ. ಅರಿಜೋನಾ ರಾಜ್ಯದ ಬಹುಭಾಗದಲ್ಲಿ ಇದನ್ನೂ ಮಾಡುವುದಿಲ್ಲ. ನ್ಯೂಯಾರ್ಕ್‌ನಲ್ಲಿ ಜನವರಿಯ ಒಂದು ಶುಕ್ರವಾರ ಸಂಜೆ ಏಳಕ್ಕೆ ಸೆಷನ್ ಶುರುವಾದಾಗ ಬೆಂಗಳೂರಿನಲ್ಲಿ ಶನಿವಾರ ಬೆಳಗಿನ ಐದೂವರೆ. ನೀವು ಬಳಸುವ ತಂತ್ರಾಂಶವು ಕ್ಲಿನಿಕ್ಕಿನ ಕಾಲಮಾನದ ಬದಲು ನಿಮ್ಮ ಕಂಪ್ಯೂಟರಿನ ಕಾಲಮಾನವನ್ನು ತೋರಿಸುವಂತಿದ್ದರೆ ಶುಕ್ರವಾರದ ಸೆಷನ್ ಸದ್ದಿಲ್ಲದೆ ಶನಿವಾರದ್ದಾಗುತ್ತದೆ. ಆಗ ಎರಡು ತಪ್ಪು ಒಟ್ಟಿಗೆ ನಡೆಯುತ್ತವೆ: ಸೇವೆಯ ದಿನಾಂಕ ತಪ್ಪಾಗುತ್ತದೆ, ಮತ್ತು ಶನಿವಾರ ಕ್ಲಿನಿಕ್ಕಿಗೆ ರಜೆಯಾದ್ದರಿಂದ 99050 ಸಲ್ಲುತ್ತದೆಂಬ ಭ್ರಮೆ ಹುಟ್ಟುತ್ತದೆ.

ನನ್ನ ಮೊದಲ ವರ್ಷದಲ್ಲಿ ಹೀಗೇ ಆಯಿತು. ಒಂದು ಕ್ಲಿನಿಕ್ಕಿನ ಅಪಾಯಿಂಟ್‌ಮೆಂಟ್ ಪಟ್ಟಿಯನ್ನು ಎಕ್ಸೆಲ್ ಹಾಳೆಗೆ ಇಳಿಸಿಕೊಂಡಿದ್ದೆ. ಹಾಳೆಯಲ್ಲಿ ವೇಳೆಗಳು ನಮ್ಮ ಕಾಲಮಾನಕ್ಕೆ ಬದಲಾಗಿದ್ದನ್ನು ಗಮನಿಸಲಿಲ್ಲ. ಒಂದು ತಿಂಗಳ ಸಂಜೆಯ ಕ್ಲೇಮ್‌ಗಳೆಲ್ಲ ಒಂದು ದಿನ ಮುಂದಕ್ಕೆ ಹೋದವು. ತಿಂಗಳ ಕೊನೆಯ ದಿನದ ಸಂಜೆ ಬಂದಿದ್ದ ಒಬ್ಬರ ವಿಮೆ ಅಂದಿಗೇ ಮುಗಿದಿತ್ತು. ನನ್ನ ಕ್ಲೇಮ್‌ನಲ್ಲಿ ಅವರು ಮರುದಿನ ಬಂದಂತಾಗಿ, ವಿಮೆಯೇ ಇಲ್ಲವೆಂಬ ನಿರಾಕರಣೆ ಬಂದಾಗ ಇಡೀ ಗೋಜಲು ಬಿಚ್ಚಿಕೊಂಡಿತು. ಎಲ್ಲವನ್ನೂ ತಿದ್ದಿ ಮತ್ತೆ ಕಳುಹಿಸಲು ಎರಡು ವಾರ ಹಿಡಿಯಿತು. ಅಂದಿನಿಂದ ಹಾಳೆಯ ಮೊದಲ ಕಾಲಂನಲ್ಲಿ ಕ್ಲಿನಿಕ್ಕಿನ ಊರಿನ ಕಾಲಮಾನವನ್ನು ಬರೆದುಕೊಂಡ ಮೇಲೆಯೇ ಮುಂದಿನ ಕೆಲಸ.

ನಿಯಮ ಸರಳವಾಗಿದೆ. ಸೇವೆಯ ದಿನಾಂಕವೆಂದರೆ ಥೆರಪಿಸ್ಟರ ಟಿಪ್ಪಣಿಯಲ್ಲಿರುವ ದಿನಾಂಕ. ಸೆಷನ್ ರಾತ್ರಿ 11:40ಕ್ಕೆ ಶುರುವಾಗಿ ಬಿಡುವಿಲ್ಲದೆ ಮಧ್ಯರಾತ್ರಿ ದಾಟಿ ನಡೆದರೆ, ಶುರುವಾದ ದಿನಾಂಕದಲ್ಲಿಯೇ ಪೂರ್ತಿ ಸೆಷನ್ನನ್ನು ಬಿಲ್ ಮಾಡಬೇಕು. ಎರಡು ದಿನಗಳಿಗೆ ಹಂಚಬಾರದು.

ಫಾರ್ಮ್ ತುಂಬುವಾಗ

ಕ್ಲೇಮ್ ಬರೆಯುವ ಕಾಗದವಾದ ಸಿಎಂಎಸ್-1500 ಫಾರ್ಮ್‌ನಲ್ಲಾಗಲಿ ಅದರ ವಿದ್ಯುನ್ಮಾನ ರೂಪವಾದ 837ಪಿಯಲ್ಲಾಗಲಿ ಎರಡು ಸಾಲು ಬೇಕು. ಮೊದಲ ಸಾಲಿನಲ್ಲಿ ಥೆರಪಿಯ ಮೂಲ ಕೋಡ್, ಎರಡನೆಯದರಲ್ಲಿ 99050 ಅಥವಾ 99051. 24ಎ ಮನೆಯಲ್ಲಿ (ಚೌಕದಲ್ಲಿ) ಎರಡೂ ಸಾಲಿಗೆ ಒಂದೇ ದಿನಾಂಕ, 24ಬಿಯಲ್ಲಿ ಒಂದೇ ಸೇವಾ ಸ್ಥಳ, 24ಇಯಲ್ಲಿ ಅದೇ ರೋಗನಿರ್ಣಯದ ಅಕ್ಷರ, 24ಜಿಯಲ್ಲಿ ಒಂದು ಯೂನಿಟ್, 24ಜೆಯಲ್ಲಿ ಸೇವೆ ನೀಡಿದ ಥೆರಪಿಸ್ಟರ ಹತ್ತು ಅಂಕಿಯ ಗುರುತುಸಂಖ್ಯೆಯಾದ ಎನ್‌ಪಿಐ. ಗಮನಿಸಬೇಕಾದ ಸಂಗತಿಯೆಂದರೆ, ಸೆಷನ್ ಎಷ್ಟು ಗಂಟೆಗೆ ನಡೆಯಿತೆಂದು ಥೆರಪಿ ಕ್ಲೇಮ್‌ನಲ್ಲಿ ಬರೆಯಲು ಮೀಸಲಾದ ಮನೆ ಇಲ್ಲ. ಹೊತ್ತಿನ ಸಾಕ್ಷಿಯೆಲ್ಲ ಇರುವುದು ಟಿಪ್ಪಣಿಯಲ್ಲಿ. ಶುರುವಾದ ಮತ್ತು ಮುಗಿದ ಗಂಟೆ ಅದರಲ್ಲಿ ಇಲ್ಲದಿದ್ದರೆ ಕ್ಲೇಮ್ ಕಳುಹಿಸುವ ಮೊದಲೇ ಥೆರಪಿಸ್ಟರನ್ನು ಕೇಳಿ. ನೀವಾಗಿ ಊಹಿಸಿ ತುಂಬಬೇಡಿ.

ವಿಡಿಯೊ ಮೂಲಕ ನಡೆದ ಸಂಜೆಯ ಸೆಷನ್ನುಗಳು ಈಗ ಬಹಳ. ರೋಗಿ ತನ್ನ ಮನೆಯಲ್ಲಿದ್ದರೆ ಸೇವಾ ಸ್ಥಳದ ಸಂಖ್ಯೆ 10, ಮನೆಯಲ್ಲದ ಬೇರೆ ಕಡೆ ಇದ್ದರೆ 02. ಅನೇಕ ಖಾಸಗಿ ಪೇಯರ್‌ಗಳು ಮೂಲ ಕೋಡಿನ ಜೊತೆ 95 ಎಂಬ ಮಾಡಿಫೈಯರನ್ನೂ (ಕೋಡಿಗೆ ಅಂಟಿಸುವ ಗುರುತನ್ನೂ) ಕೇಳುತ್ತವೆ. 99050 ಮತ್ತು 99051ರ ವಿವರಣೆಯಲ್ಲಿ ‘ಕಚೇರಿಯಲ್ಲಿ’ ಎಂಬ ಮಾತು ಸ್ಪಷ್ಟವಾಗಿದೆ. ಥೆರಪಿಸ್ಟ್ ತಮ್ಮ ಮನೆಯ ಕೋಣೆಯಿಂದ ರಾತ್ರಿ ಎಂಟಕ್ಕೆ ವಿಡಿಯೊದಲ್ಲಿ ಮಾತನಾಡಿದ ಸೆಷನ್ನಿಗೆ ಈ ಕೋಡ್‌ಗಳನ್ನು ಹಾಕಬೇಕೆಂದರೆ ಪೇಯರ್‌ನ ಲಿಖಿತ ನೀತಿಯಲ್ಲಿ ಅದಕ್ಕೆ ಅವಕಾಶ ಕಾಣಬೇಕು. ಫೋನಿನಲ್ಲಿ ಯಾರೋ ಹೇಳಿದ ‘ಆಗಬಹುದು’ ಸಾಲದು.

ನಿರಾಕರಣೆ ಬಂದಾಗ

ಪೇಯರ್ ಕಳುಹಿಸುವ ಪಾವತಿಯ ವಿದ್ಯುನ್ಮಾನ ವಿವರವಾದ ಇಆರ್‌ಎಯಲ್ಲಿ ಹೆಚ್ಚುವರಿ ಸಾಲಿನ ಮುಂದೆ ಸಾಮಾನ್ಯವಾಗಿ ಕಾಣುವುದು ಸಿಒ-97. ಇದರ ಹಣ ಬೇರೊಂದು ಸೇವೆಯ ಹಣದಲ್ಲಿ ಸೇರಿದೆ ಎಂಬುದು ಅದರ ಅರ್ಥ. 96 ಎಂದು ಬಂದರೆ ಆ ಸೇವೆಗೆ ವಿಮೆಯ ರಕ್ಷಣೆಯೇ ಇಲ್ಲ ಎಂದರ್ಥ. ಅಂಕಿಗಿಂತ ಅದರ ಮೊದಲು ಬರುವ ಅಕ್ಷರಗಳಿಗೆ ಹೆಚ್ಚು ಗಮನ ಕೊಡಿ. ಸಿಒ ಎಂದಿದ್ದರೆ ಒಪ್ಪಂದದ ಪ್ರಕಾರ ಆ ಮೊತ್ತವನ್ನು ಕ್ಲಿನಿಕ್ ಬಿಟ್ಟುಕೊಡಬೇಕು, ರೋಗಿಯನ್ನು ಕೇಳುವಂತಿಲ್ಲ. ಪಿಆರ್ ಎಂದಿದ್ದರೆ ಮಾತ್ರ ಅದು ರೋಗಿಯ ಪಾಲು. ಸಂಜೆಯ ಸೆಷನ್ನಿಗೆ ಪ್ರತ್ಯೇಕ ಶುಲ್ಕ ಕೊಡುತ್ತೇನೆಂದು ರೋಗಿ ಸಹಿ ಮಾಡಿದ ಕಾಗದ ಕ್ಲಿನಿಕ್ಕಿನ ಕಡತದಲ್ಲಿದ್ದರೂ, ನೆಟ್‌ವರ್ಕ್ ಒಪ್ಪಂದ (ಕ್ಲಿನಿಕ್ ವಿಮಾ ಕಂಪನಿಯೊಡನೆ ಮಾಡಿಕೊಂಡದ್ದು) ಅದನ್ನು ಒಪ್ಪದಿದ್ದರೆ ಆ ಕಾಗದಕ್ಕೆ ಬೆಲೆಯಿಲ್ಲ. ಈ ಮಾತನ್ನು ಕ್ಲಿನಿಕ್ಕಿನ ಮಾಲೀಕರಿಗೆ ತಿಳಿಸುವುದು ನಮಗೆ ಮುಜುಗರದ ಕೆಲಸ. ಆದರೂ ಬಿಲ್ ಹೊರಡುವ ಮೊದಲೇ ತಿಳಿಸಬೇಕು.

ನಿಮ್ಮದೇ ತಪ್ಪಿನಿಂದ ನಿರಾಕರಣೆ ಬಂದಿದ್ದರೆ, ದಿನಾಂಕ ತಪ್ಪಿದ್ದರೆ ಅಥವಾ 99051ರ ಬದಲು 99050 ಹೋಗಿದ್ದರೆ, ಹೊಸ ಕ್ಲೇಮ್ ಕಳುಹಿಸಬೇಡಿ. ಅದು ಡೂಪ್ಲಿಕೇಟ್ ಎಂದು ಬಿದ್ದುಹೋಗುತ್ತದೆ, ಇಲ್ಲವೇ ಇನ್ನೂ ಕೆಟ್ಟದಾಗಿ ಎರಡು ಬಾರಿ ಹಣ ಬರುತ್ತದೆ. ಖಾಸಗಿ ಪೇಯರ್‌ಗಾದರೆ ಫಾರ್ಮಿನ 22ನೆಯ ಮನೆಯಲ್ಲಿ 7 ಎಂಬ ಸಂಖ್ಯೆಯನ್ನೂ ಪೇಯರ್ ಮೊದಲ ಕ್ಲೇಮ್‌ಗೆ ಕೊಟ್ಟ ಸಂಖ್ಯೆಯನ್ನೂ ಹಾಕಿ ತಿದ್ದುಪಡಿ ಕ್ಲೇಮ್ ಕಳುಹಿಸಿ. ಪೂರ್ತಿ ರದ್ದು ಮಾಡಬೇಕಿದ್ದರೆ 8. ಮೆಡಿಕೇರ್‌ಗೆ ಕ್ಲೇಮ್ ಸಲ್ಲಿಸುವ ಗಡುವು ಸೇವೆಯ ದಿನಾಂಕದಿಂದ ಒಂದು ವರ್ಷ. ಖಾಸಗಿ ಪೇಯರ್‌ಗಳ ಗಡುವು ಒಪ್ಪಂದದಲ್ಲಿರುತ್ತದೆ, ಮತ್ತು ಅದು ಇದಕ್ಕಿಂತ ಬಹಳ ಕಡಿಮೆ ಇರುವುದೇ ಹೆಚ್ಚು.

ಪೇಯರ್‌ನ ನೀತಿಯಲ್ಲಿ ಹಣ ಕೊಡಬೇಕೆಂದಿದ್ದೂ ನಿರಾಕರಿಸಿದ್ದರೆ ಮೇಲ್ಮನವಿ ಹಾಕಬಹುದು. ಅದರ ಜೊತೆ ಆ ದಿನಾಂಕದಂದು ಜಾರಿಯಲ್ಲಿದ್ದ ವೇಳೆಯ ಪಟ್ಟಿ, ನೀತಿಯ ಆ ಪುಟ, ಮತ್ತು ಗಂಟೆ ನಮೂದಾಗಿರುವ ಪ್ರಗತಿ ಟಿಪ್ಪಣಿ ಹೋಗಬೇಕು. ಇಲ್ಲಿ ಒಂದು ಎಚ್ಚರಿಕೆ ಬೇಕು. ಥೆರಪಿಸ್ಟರು ಸೆಷನ್ನಿನ ಮಾತುಕತೆಯನ್ನು ವಿಶ್ಲೇಷಿಸಿ ಕಡತದಿಂದ ಬೇರೆಯಾಗಿ ಇಟ್ಟುಕೊಳ್ಳುವ ಖಾಸಗಿ ಟಿಪ್ಪಣಿಗಳಿಗೆ ಹಿಪಾ ಎಂಬ ಅಮೆರಿಕದ ರೋಗಿ-ಗೋಪ್ಯತೆಯ ನಿಯಮದಲ್ಲಿ ವಿಶೇಷ ರಕ್ಷಣೆಯಿದೆ. ರೋಗಿಯ ಪ್ರತ್ಯೇಕ ಲಿಖಿತ ಅನುಮತಿಯಿಲ್ಲದೆ ಅವು ಪೇಯರ್‌ಗೆ ಹೋಗುವಂತಿಲ್ಲ. ಶುರುವಾದ ಮತ್ತು ಮುಗಿದ ಗಂಟೆ, ರೋಗನಿರ್ಣಯ, ಚಿಕಿತ್ಸೆಯ ಬಗೆ ಮೊದಲಾದವು ಆ ರಕ್ಷಣೆಯ ವ್ಯಾಪ್ತಿಗೆ ಬರುವುದಿಲ್ಲ, ಮತ್ತು ಹೊತ್ತು ಮೀರಿದ ಕ್ಲೇಮ್‌ಗೆ ನಮಗೆ ಬೇಕಾದದ್ದು ಅಷ್ಟೇ. ಬೆಳಗಿನ ನಾಲ್ಕು ಗಂಟೆಗೆ ನಿದ್ದೆಗಣ್ಣಿನಲ್ಲಿ ಇಡೀ ಕಡತವನ್ನು ಲಗತ್ತಿಸಿಬಿಡುವುದು ಸುಲಭ. ಅಗತ್ಯವಿರುವ ಪುಟಗಳನ್ನು ಮಾತ್ರ ತೆಗೆದಿಡಿ.

ವಿಮೆಯ ಹೊರಗೆ ಹಣ ಕೊಡುವವರು

ನೆಟ್‌ವರ್ಕ್ ಸೇರದ ಥೆರಪಿಸ್ಟರು ರೋಗಿಯಿಂದ ನೇರವಾಗಿ ಹಣ ಪಡೆದು ಸೂಪರ್‌ಬಿಲ್ ಎಂಬ ವಿವರಪತ್ರ ಕೊಡುತ್ತಾರೆ; ರೋಗಿ ಅದನ್ನು ತನ್ನ ವಿಮಾ ಕಂಪನಿಗೆ ಕಳುಹಿಸಿ ಮರುಪಾವತಿ ಕೇಳುತ್ತಾರೆ. ಇಂಥ ಕ್ಲಿನಿಕ್‌ಗಳು ಸಂಜೆಯ ಸೆಷನ್ನಿಗೆ ಹೆಚ್ಚು ದರ ಇಡಬಹುದು. ಆದರೆ ಆ ಹೆಚ್ಚಳವನ್ನು ಮೂಲ ಕೋಡಿನ ಮೊತ್ತದೊಳಗೆ ಹುದುಗಿಸಬೇಡಿ, ಪ್ರತ್ಯೇಕ ಸಾಲಿನಲ್ಲಿ ತೋರಿಸಿ. ಹುದುಗಿಸಿದರೆ ಒಂದೇ ಕೋಡಿಗೆ ಹಗಲಿಗೊಂದು ಸಂಜೆಗೊಂದು ದರ ಕಂಡು ರೋಗಿಗೂ ಕಂಪನಿಗೂ ಅನುಮಾನ ಹುಟ್ಟುತ್ತದೆ.

ವಿಮೆ ಇಲ್ಲದವರಿಗೆ ಅಥವಾ ವಿಮೆ ಬಳಸದೆ ಕೈಯಿಂದ ಕೊಡುವವರಿಗೆ 2022ರ ಜನವರಿ 1ರಿಂದ ಮುಂಗಡ ಅಂದಾಜುಪತ್ರ ಕೊಡುವುದು ಕಡ್ಡಾಯ. ಸಂಜೆಯ ಹೆಚ್ಚುವರಿ ಶುಲ್ಕ ಆ ಅಂದಾಜಿನಲ್ಲಿಯೇ ಸೇರಿರಬೇಕು. ಅಂತಿಮ ಬಿಲ್ ಅಂದಾಜಿಗಿಂತ 400 ಡಾಲರ್ ಅಥವಾ ಅದಕ್ಕೂ ಹೆಚ್ಚಾದರೆ, ಬಿಲ್ ಬಂದ 120 ದಿನಗಳೊಳಗೆ ರೋಗಿ ಅದನ್ನು ಅಧಿಕೃತವಾಗಿ ಪ್ರಶ್ನಿಸಬಹುದು. ವಾರಕ್ಕೊಂದು ಸೆಷನ್ನಿನಂತೆ ತಿಂಗಳುಗಟ್ಟಲೆ ನಡೆಯುವ ಥೆರಪಿಯಲ್ಲಿ ಸಣ್ಣ ಹೆಚ್ಚಳವೂ ಆ ಗೆರೆಯನ್ನು ಬೇಗ ಮುಟ್ಟುತ್ತದೆ.

ರೋಗಿ ಬಾರದೇ ಹೋದ ಸಂಜೆಯ ಸೆಷನ್ನಿಗೆ ವಿಮೆಗೆ ಯಾವ ಕೋಡೂ ಹೋಗುವುದಿಲ್ಲ. ಅದು ಕ್ಲಿನಿಕ್ಕಿಗೂ ರೋಗಿಗೂ ನಡುವಿನ ಲೆಕ್ಕ.

ಇನ್ನು ಕ್ಲಿನಿಕ್ ತನ್ನ ವೇಳೆಯನ್ನು ಬದಲಿಸಿದಾಗ, ಉದಾಹರಣೆಗೆ ಗುರುವಾರ ಸಂಜೆ ಎಂಟರವರೆಗೆ ತೆರೆದಿಡಲು ತೀರ್ಮಾನಿಸಿದಾಗ, ಅಂದಿನಿಂದ ಗುರುವಾರದ ಸಂಜೆಯ ಸೆಷನ್ನುಗಳು 99050 ಬಿಟ್ಟು 99051ಕ್ಕೆ ಬರುತ್ತವೆ. ಹೊಸ ಪಟ್ಟಿಯನ್ನು ಪಡೆದುಕೊಳ್ಳಿ, ಹಳೆಯದನ್ನು ಎಸೆಯಬೇಡಿ. ಆರು ತಿಂಗಳ ಹಿಂದಿನ ಗುರುವಾರದ ಮೇಲ್ಮನವಿಗೆ ಬೇಕಾಗುವುದು ಆ ಹಳೆಯ ಪಟ್ಟಿಯೇ.